ಪರಿಸರ: ಪಾಸಾದರೆ ಮುಗಿಯಿತೇ?

ಬಿ.ಇ. ಓದುವ ನಮಗೆ ಪರಿಸರ ಅಧ್ಯಯನವೂ ಒಂದು ವಿಷಯ. ಹಳೆಯ ಪ್ರಶ್ನೆಗಳನ್ನು ಒಂದು ರಾತ್ರಿ ತಿರುವಿಹಾಕಿದರೆ ಪಾಸು. ಈ ಪಾಠ ಪದವಿ ತರಗತಿಗಳಿಗೆ ಬರಲು ದಾರಿ ಮಾಡಿದ್ದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ತೀರ್ಪು. ಆ ಆಶಯ ಈಗ ಅಂಕಪಟ್ಟಿಯ ಒಂದು ಸಾಲಷ್ಟೇ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಆದರೆ ನಮ್ಮ ಕ್ಯಾಂಪಸ್ಸಿಗೆ ದಿನಕ್ಕೆ ಎಷ್ಟು ನೀರು ಬೇಕು ಎಂದು ಕೇಳಿದರೆ ನನ್ನ ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲ.

ಸುಸ್ಥಿರತೆ ಪ್ರತ್ಯೇಕ ವಿಷಯವಾಗಿದ್ದರೆ ಸಾಲದು, ಎಲ್ಲ ವಿಭಾಗಗಳ ಕೆಲಸವಾಗಬೇಕು. 1,000 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು. ಅದನ್ನು ಹಿಡಿದಿಡುವ ವಿನ್ಯಾಸ ಸಿವಿಲ್‌ನವರ ಪ್ರಾಜೆಕ್ಟ್ ಆಗಲಿ. ಹಾಸ್ಟೆಲ್‌ನ ಕರೆಂಟ್ ಬಿಲ್ ಎಲೆಕ್ಟ್ರಿಕಲ್‌ನವರ ಲ್ಯಾಬ್‌ಗೆ ಬರಲಿ. ನೀರಿನ ಮೀಟರ್‌ಗಳ ಲೆಕ್ಕ ಇಡುವ ಆ್ಯಪ್ ಅನ್ನು ಕಂಪ್ಯೂಟರ್ ಸೈನ್ಸ್‌ನವರು ಬರೆಯಲಿ. ನ್ಯಾಕ್‌ಗಾಗಿ ಮಾಡಿಸುವ ಗ್ರೀನ್ ಆಡಿಟ್ ವರದಿ ಫೈಲಿನಿಂದ ನೋಟಿಸ್ ಬೋರ್ಡಿಗೆ ಬರಲಿ.

ಇದರಲ್ಲಿ ಉದ್ಯೋಗದ ಮಾತೂ ಇದೆ. ಷೇರುಪೇಟೆಯ ಅಗ್ರ 1,000 ಕಂಪನಿಗಳು ನೀರು, ಇಂಧನ, ತ್ಯಾಜ್ಯದ ಲೆಕ್ಕ ಒಪ್ಪಿಸುವುದನ್ನು ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಆ ಲೆಕ್ಕ ಬಲ್ಲವರು ಕಂಪನಿಗಳಿಗೆ ಬೇಕು. ಅದನ್ನು ಕಲಿಯಲು ಕ್ಯಾಂಪಸ್ಸಿಗಿಂತ ಒಳ್ಳೆಯ ಪ್ರಯೋಗಾಲಯ ನಮಗೆ ಬೇರೆ ಎಲ್ಲಿದೆ? ಜೂನ್ ಐದರಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳೋಣ, ಬೇಡವೆನ್ನುವುದಿಲ್ಲ. ಜೂನ್ ಆರರಂದು ಮೀಟರ್ ಓದುವುದನ್ನೂ ಶುರು ಮಾಡೋಣ.