ಅಡುಗೆಮನೆಗೆ ಬಾರದ ವೈಫೈ

ಕುಕ್ಕರ್ ಇಟ್ಟು, ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಹೊಸ ರುಚಿಯ ವಿಡಿಯೋ ಹಾಕಿರುತ್ತೀರಿ. ಒಗ್ಗರಣೆಗೆ ಏನೇನು ಅಂತ ಹೇಳುವ ಹೊತ್ತಿಗೆ ಸರಿಯಾಗಿ ಪರದೆ ಮೇಲೆ ಚಕ್ರ ತಿರುಗತೊಡಗುತ್ತದೆ. ಹಾಲ್‌ನಲ್ಲಿ ಕೂತವರಿಗೆ ಮಾತ್ರ ಕ್ರಿಕೆಟ್ ಒಂದು ಬಾಲೂ ತಪ್ಪದೆ ಕಾಣುತ್ತಿರುತ್ತದೆ! ಇದು ನಮ್ಮ ಮನೆಯೊಂದರ ಕತೆಯಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ರೂಟರ್ ಎಲ್ಲಿರಬೇಕು ಅಂತ ತೀರ್ಮಾನಿಸಿದವರು ಯಾರು ಹೇಳಿ? ಕೇಬಲ್ ಎಳೆಯಲು ಬಂದ ಹುಡುಗ. ಕಿಟಕಿಯಿಂದ ವೈರು ಒಳಗೆ ಬಂದ ಜಾಗದಲ್ಲೇ, ಟೀವಿ ಹಿಂದೆ ಇಟ್ಟು ಹೋದ. ದಿನವಿಡೀ ಮನೆಯಲ್ಲಿರುವ ನನ್ನನ್ನು "ಮೇಡಂ, ನೀವು ಹೆಚ್ಚಾಗಿ ಎಲ್ಲಿ ಬಳಸ್ತೀರಿ?" ಅಂತ ಅವನೂ ಕೇಳಲಿಲ್ಲ, ನಮ್ಮನೆಯವರಿಗೂ ಹೊಳೆಯಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಗಳು ಮಹಡಿ ಮೆಟ್ಟಿಲ ಮೇಲೆ ಕೂತು ಆನ್‌ಲೈನ್ ಕ್ಲಾಸ್ ಕೇಳಿದಾಗಲೂ "ಅಡ್ಜಸ್ಟ್ ಮಾಡ್ಕೊ" ಅಂದು ಸುಮ್ಮನಾದೆವು. ಈಗ ಅವಳು ಪಿಯುಸಿ. ಇನ್ನೂ ಮೆಟ್ಟಿಲ ಮೇಲೇನಾ?

ಮೊದಲು ಖರ್ಚಿಲ್ಲದ ಕೆಲಸ ಮಾಡಿ ನೋಡಿ. ರೂಟರನ್ನು ಟೀವಿ ಹಿಂದಿನಿಂದ ಈಚೆ ತಂದು, ಮನೆಯ ನಡುಭಾಗದಲ್ಲಿ ಎತ್ತರದ ಜಾಗದಲ್ಲಿಡಿ. ಕಾಂಕ್ರೀಟ್ ಗೋಡೆ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಇವೆಲ್ಲ ಸಿಗ್ನಲ್ಲಿಗೆ ಅಡ್ಡಗಾಲು. ವೈಫೈಯಲ್ಲಿ 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ಚುರುಕು, ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. ಅಂದ ಹಾಗೆ, ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.4ರ ಆಸುಪಾಸಿನಲ್ಲೇ. ಅದು ತಿರುಗುವಾಗ ನೆಟ್ ತಡವರಿಸಿದರೆ ನಿಮ್ಮ ಫೋನನ್ನು ಬೈಯಬೇಡಿ.

ಇನ್ನೊಂದು ಪರೀಕ್ಷೆ. ರೂಟರ್ ಪಕ್ಕದಲ್ಲೇ ನಿಂತು ಸ್ಪೀಡ್ ನೋಡಿ. ಅಲ್ಲೂ ನಿಧಾನವಿದ್ದರೆ ತೊಂದರೆ ಲೈನಿನದು ಅಥವಾ ಪ್ಲಾನಿನದು, ಎಷ್ಟು ಡಬ್ಬ ತಂದಿಟ್ಟರೂ ದುಡ್ಡು ದಂಡ. ಬಾವೀಲಿ ಇಲ್ಲದ್ದು ಬಿಂದಿಗೇಲಿ ಬರುತ್ತಾ? ಪಕ್ಕದಲ್ಲಿ ಚೆನ್ನಾಗಿದ್ದು ಒಳಕೋಣೆಯಲ್ಲಿ ಮಾತ್ರ ಸೊರಗಿದರೆ ಆಗ ಮೆಶ್ ಬಗ್ಗೆ ಯೋಚಿಸಿ.

ನಾನು ಮೊದಲು ಮೋಸ ಹೋದದ್ದು ರಿಪೀಟರಿನಲ್ಲಿ. ಅಗ್ಗ ಅಂತ ತಂದು, ಸಿಗ್ನಲ್ಲೇ ಇಲ್ಲದ ಹಿಂದಿನ ಕೋಣೆಯಲ್ಲಿ ಸಿಕ್ಕಿಸಿದೆ. ಅದಕ್ಕೇ ಸಿಗದಿದ್ದ ಮೇಲೆ ಹಂಚುವುದು ಏನನ್ನ? ಸಾಮಾನ್ಯ ರಿಪೀಟರ್‌ಗಳು ಪಡೆಯೋದು, ಕೊಡೋದು ಎರಡನ್ನೂ ಒಂದೇ ರೇಡಿಯೋದಲ್ಲಿ ಮಾಡುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೆಲವುಗಳಲ್ಲಿ ಎರಡೆರಡು ವೈಫೈ ಹೆಸರು ಬೇರೆ.

ಮೆಶ್‌ನಲ್ಲಿ ಎರಡು ಮೂರು ಡಬ್ಬಗಳು ಒಂದೇ ಹೆಸರಿನಲ್ಲಿ, ಒಂದಕ್ಕೊಂದು ಮಾತಾಡಿಕೊಂಡು ಕೆಲಸ ಮಾಡುತ್ತವೆ. ಮಹಡಿಯಿಂದ ಕೆಳಗಿಳಿದರೆ ಫೋನ್ ಹತ್ತಿರದ ಡಬ್ಬಕ್ಕೆ ತಾನೇ ಬದಲಾಯಿಸಿಕೊಳ್ಳುತ್ತೆ. ಒಂದು ಡಬ್ಬ ನೆಟ್ ಕಂಪನಿಯ ಪೆಟ್ಟಿಗೆಗೆ ಜೋಡಿಸಿ, ಇನ್ನೊಂದನ್ನು ದಾರಿಯ ಮಧ್ಯೆ ಇಡಿ. ಸಿಗ್ನಲ್ ಸತ್ತ ಜಾಗದಲ್ಲಲ್ಲ, ಇನ್ನೂ ಚೆನ್ನಾಗಿ ಸಿಗುವ ಕಡೆ. ನಮ್ಮದು ಮೆಟ್ಟಿಲ ತಿರುವಿನ ಗೂಡಿನಲ್ಲಿದೆ, ಅಡುಗೆಮನೆಗೂ ಮಗಳ ಕೋಣೆಗೂ ಸಾಲುತ್ತೆ. ಮನೆ ಕಟ್ಟಿಸುತ್ತಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಮಹಡಿಗೊಂದು ಲ್ಯಾನ್ ಕೇಬಲ್ ಪೈಪಿನೊಳಗೇ ಎಳೆಸಿಬಿಡಿ. ಡಬ್ಬಗಳನ್ನು ಅದರಿಂದ ಜೋಡಿಸಿದರೆ ಅದರ ಸಮ ಇಲ್ಲ. ಹಳೇ ರೂಟರಿನ ವೈಫೈ ಆರಿಸಿ, ಹೊಸದಕ್ಕೆ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಡಿ. ಟೀವಿ, ಅತ್ತೆಯವರ ಟ್ಯಾಬು ಎಲ್ಲಕ್ಕೂ ಮತ್ತೆ ಮತ್ತೆ ಹಾಕುವ ತಲೆನೋವು ತಪ್ಪುತ್ತೆ.

ಎರಡು ಡಬ್ಬದ ಸೆಟ್ಟಿಗೆ ನಮಗೆ ಐದು ಸಾವಿರದ ಚಿಲ್ಲರೆ ಆಯ್ತು. "ವೈಫೈಗೆ ಇಷ್ಟಾ?" ಅಂತ ಯಜಮಾನರು ಹುಬ್ಬೇರಿಸಿದರು. ಹಾಲ್‌ನ ಟೀವಿಗೆ ಎಷ್ಟಾಗಿತ್ತು ಅಂತ ನೆನಪಿಸಿದೆ, ಅಷ್ಟೆ.

ಕರೆಂಟ್ ಹೋದರೆ ಪ್ರತಿ ಡಬ್ಬಕ್ಕೂ ಯುಪಿಎಸ್ ಲೈನ್ ಬೇಕು, ಮರೆಯಬೇಡಿ. ಇದನ್ನೆಲ್ಲ ನಡೆಸುವ ಆ್ಯಪ್ ಅವರ ಫೋನಿನಲ್ಲಷ್ಟೇ ಅಲ್ಲ, ನಿಮ್ಮ ಫೋನಿನಲ್ಲೂ ಇರಲಿ. ಅವರು ಆಫೀಸಿನಲ್ಲಿದ್ದಾಗ, ಮಧ್ಯಾಹ್ನ ಮಗಳ ಮಾಕ್ ಟೆಸ್ಟ್ ನಡುವೆ ನೆಟ್ ಕೈಕೊಟ್ಟರೆ ಮೀಟಿಂಗಿನಲ್ಲಿರುವವರಿಗೆ ಹತ್ತು ಸಲ ಫೋನ್ ಮಾಡುತ್ತಾ ಕೂರುವ ಬದಲು ನೀವೇ ಸರಿಮಾಡಬಹುದು.