ಜೇಬಿನಲ್ಲಿ ಉಳಿದ ಟಿಕೆಟ್ ಚೂರು

ಅಭಿಮಾನಿ ತಮ್ಮಂದಿರೇ,

ಈ ವಾರ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಬರೆದವನ ಹೆಸರು, ಊರು ಬೇಡ. ವಯಸ್ಸು ಹತ್ತೊಂಬತ್ತು. ಮೆಚ್ಚಿನ ನಾಯಕನ ಚಿತ್ರದ ಬಿಡುಗಡೆ. ಕಟೌಟಿಗೆ ಭಾರೀ ಹಾರ, ಹಾಲಿನ ಅಭಿಷೇಕ ಆಗಲೇಬೇಕೆಂದು ಗೆಳೆಯರು ತೀರ್ಮಾನಿಸಿದರು. ಇವನ ಪಾಲಿಗೆ ಬಂದದ್ದು ಎರಡು ಸಾವಿರ ರೂಪಾಯಿ. ಸ್ತ್ರೀಶಕ್ತಿ ಸಂಘದ ಸಾಲದ ಕಂತು ಕಟ್ಟಿ ಬಾ ಎಂದು ತಾಯಿ ಕೊಟ್ಟಿದ್ದ ದುಡ್ಡನ್ನೇ ಕೊಟ್ಟುಬಿಟ್ಟ. ಮನೆಗೆ ಹೋಗಿ ‘ಬಸ್ಸಲ್ಲಿ ಬಿದ್ದುಹೋಯ್ತಮ್ಮಾ’ ಅಂದ. ಈಗ ನನ್ನನ್ನು ಕೇಳುತ್ತಾನೆ: ‘ಅಣ್ಣಾ, ಅಭಿಮಾನಕ್ಕೋಸ್ಕರ ಮಾಡಿದ್ದು. ತಪ್ಪಾ?’

ತಮ್ಮಾ, ನಿನಗೆ ಬೈಯುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ಹೇಳ್ತೀನಿ, ಕೇಳು.

1972ನೇ ಇಸವಿ. ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಓಡುತ್ತಿದ್ದ ಕಾಲ. ನಾನು ಕಾಲೇಜು ಹುಡುಗ. ಅಪ್ಪ ಎರಡು ಮೂಟೆ ರಾಗಿ ಮಾರಿ, ಫೀಸು ಕಟ್ಟು ಅಂತ ದುಡ್ಡು ಕೊಟ್ಟು ಕಳಿಸಿದ್ದರು. ಬಸ್ಸು ಇಳಿದವನು ಕಾಲೇಜಿನ ದಾರಿ ಹಿಡಿಯಲಿಲ್ಲ. ಚಿತ್ರಮಂದಿರದ ಮುಂದೆ ‘ಹೌಸ್‌ಫುಲ್’ ಬೋರ್ಡು! ಬ್ಲಾಕಿನಲ್ಲಿ ನನಗೂ, ಇಬ್ಬರು ಗೆಳೆಯರಿಗೂ ಟಿಕೆಟ್ ತೆಗೆದೆ. ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ. ಫೀಸು ಕಟ್ಟುವಷ್ಟು ದುಡ್ಡು ಉಳಿಯಲೇ ಇಲ್ಲ.

ಚಿತ್ರದಲ್ಲಿ ರಾಜೀವ ಏನು ಮಾಡ್ತಾನೆ? ಭಾವ ತೀರಿಕೊಂಡ ಮೇಲೆ ಅಕ್ಕನ ಸಂಸಾರಕ್ಕೆ ಹೆಗಲು ಕೊಡ್ತಾನೆ. ಮಣ್ಣು ನಂಬಿ ದುಡಿದು ಮನೆ ನಿಲ್ಲಿಸ್ತಾನೆ. ಕೊನೆಗೆ ಆ ಮನೆಯ ಹುಡುಗನೇ ತಿರುಗಿಬಿದ್ದಾಗ, ಎಲ್ಲವನ್ನೂ ಬಿಟ್ಟು ಹೊರಟುಹೋಗ್ತಾನೆ. ಆ ಹುಡುಗನನ್ನು ಥಿಯೇಟರಿನಲ್ಲಿ ಎಲ್ಲರಿಗಿಂತ ಜೋರಾಗಿ ಬೈದವನು ನಾನು! ಕಣ್ಣೀರೂ ಹಾಕಿದೆ. ಅಪ್ಪನ ರಾಗಿ ದುಡ್ಡಿನಲ್ಲಿ ಕೂತು ಅಳ್ತಾ ಇದ್ದೀನಿ ಅನ್ನೋದು ಮಾತ್ರ ಹೊಳೆಯಲಿಲ್ಲ.

ಊರಿಗೆ ಹೋಗಿ ‘ಬಸ್‌ಸ್ಟ್ಯಾಂಡಲ್ಲಿ ಜೇಬು ಕತ್ತರಿಸಿದರು’ ಅಂದೆ. ಅಪ್ಪ ನನ್ನ ಮುಖವನ್ನೇ ನೋಡಿದರು. ‘ಹೋಗ್ಲಿ ಬಿಡು ಮಗಾ, ನಿನಗೇನೂ ಪೆಟ್ಟಾಗಲಿಲ್ವಲ್ಲ’ ಅಂದರು. ಮಾರನೇ ದಿನ ಬಡ್ಡಿಗೆ ಸಾಲ ತಂದು ಕೊಟ್ಟರು.

ಏಳು ವರ್ಷ ಆಯಿತು. ನೌಕರಿ ಸಿಕ್ಕಿತು. ಮೊದಲ ಸಂಬಳ ಅಪ್ಪನ ಕೈಗಿಟ್ಟು, ಕಾಲು ಹಿಡಿದು, ನಿಜ ಹೇಳಿದೆ. ಅಪ್ಪ ನಕ್ಕರು.

‘ಅವತ್ತೇ ಗೊತ್ತಿತ್ತು ಕಣೋ. ನಿನ್ನ ಅಂಗಿ ಒಗೆಯುವಾಗ ನಿಮ್ಮವ್ವನಿಗೆ ಟಿಕೆಟ್ ಚೂರು ಸಿಕ್ಕಿತ್ತು. ಜೇಬುಗಳ್ಳ ದುಡ್ಡು ತಗೊಂಡು ಟಿಕೆಟ್ ಇಟ್ಟು ಹೋಗ್ತಾನೇನೋ?’

‘ಮತ್ತೆ ಯಾಕಪ್ಪಾ ಹೊಡೀಲಿಲ್ಲ?’

‘ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ.’

ಏಳು ವರ್ಷ ಕಾದಿದ್ದರು, ತಮ್ಮಾ! ಅವ್ವ ಕಾಯಲಿಲ್ಲ. ನಾನು ಬಾಯಿ ಬಿಡುವ ಮೊದಲೇ ತೀರಿಕೊಂಡಿದ್ದಳು. ಆ ಸಾಲ ಮಾತ್ರ ನನ್ನ ತಲೆಯ ಮೇಲೆ ಹಾಗೇ ಇದೆ.

ಅಭಿಮಾನ ಬೇಡ ಅನ್ನುವುದಿಲ್ಲ. ಶಿಳ್ಳೆ ಹೊಡಿ, ಕುಣಿ. ಅದು ನಿನ್ನ ದುಡಿಮೆಯ ದುಡ್ಡಿನಲ್ಲಿ ಆಗಲಿ. ನಾಯಕನನ್ನು ಅನುಸರಿಸಲೇಬೇಕೆಂದರೆ ದುಡ್ಡಿಲ್ಲದ ದಾರಿಯೂ ಉಂಟು. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಮ್ಮನ್ನು ಅಗಲಿದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಹೋದಾಗಲೂ ಹಾಗೆಯೇ. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ತೀರಿಕೊಂಡ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾದ್ದರಿಂದ, ಬರೀ ಫಾರಂ ತುಂಬಿದರೆ ಸಾಲದು. ಮನೆಯವರಿಗೆ ಮೊದಲೇ ಹೇಳಿರಬೇಕು.

ಒಳ್ಳೆಯ ಕೆಲಸವೇ ಆಗಲಿ, ತಪ್ಪೇ ಆಗಲಿ, ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ಬೇಕು ನೋಡು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮಮ್ಮನಿಗೆ ನಿಜ ಹೇಳು. ಬೈಗುಳ ತಿನ್ನು. ನಾಳೆಯಿಂದ ಎಲ್ಲಾದರೂ ಕೂಲಿ ಮಾಡಿ ಎರಡು ಸಾವಿರ ತೀರಿಸು. ಆಮೇಲೆ ನನಗೆ ಕಾಗದ ಬರಿ.

ಕಾಯ್ತಿರ್ತೀನಿ. ಏಳು ವರ್ಷ ಮಾತ್ರ ಕಾಯಿಸಬೇಡ.

ಇಂತು ನಿಮ್ಮ ಅಣ್ಣ