ಗೋಡೆಯ ಮೇಲೊಂದು ಅಂಕಿ ಬೇಕು

ಇನ್ನೊಬ್ಬರು ಕಚ್ಚಿ ಕುಡಿದ ಲೋಟವನ್ನು ತೊಳೆಯದೆ ಬಾಯಿಗಿಡದವರು ನಾವು. ಎಂಜಲಿನ ವಿಷಯದಲ್ಲಿ ಇಷ್ಟು ಮಡಿಯಿರುವ ನಮಗೆ ಎಂಜಲು ಉಸಿರಿನ ಬಗ್ಗೆ ಮಾತ್ರ ಹೇಸಿಗೆಯೇ ಇಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗ, ನೀಟ್ ಕೋಚಿಂಗ್ ಕ್ಲಾಸು, ಕಲ್ಯಾಣ ಮಂಟಪ ಎಲ್ಲಿಗೆ ಹೋದರೂ "ಬಾಗಿಲು ಹಾಕ್ರೀ, ಎಸಿ ಓಡ್ತಿದೆ" ಎಂಬ ಗದರಿಕೆ. ಗೋಡೆಗೆ ತಗುಲಿಸಿದ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯಲ್ಲಿ ಇದ್ದದ್ದನ್ನೇ ತಣ್ಣಗೆ ಮಾಡಿ ಮತ್ತೆ ಮತ್ತೆ ಊದುತ್ತದೆ, ಅಷ್ಟೆ.

ಕುಡಿಯುವ ನೀರಿಗೆ ಐಎಸ್ 10500 ಎಂಬ ಮಾನದಂಡ ಇದೆ. ಹೊರಗಿನ ಗಾಳಿಗೂ 2009ರ ರಾಷ್ಟ್ರೀಯ ಮಾನದಂಡವಿದೆ: ಪಿಎಂ 2.5 ಸೂಕ್ಷ್ಮ ಕಣಗಳ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು. ಆದರೆ ದಿನದ ಹೆಚ್ಚು ಹೊತ್ತು ನಾವಿರುವ ಸೂರಿನ ಕೆಳಗಿನ ಗಾಳಿಗೆ ಅಂಥ ಮಿತಿಯಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಗಾಳಿಯಾಟದ ಮಾತಿದೆ ನಿಜ. ಅದು ನಕ್ಷೆಯ ಕಾಗದದ ಮಟ್ಟಿಗೆ. ಜನ ತುಂಬಿದ ಮೇಲೆ ಅಳೆಯಲು ಬರುವವರು ಯಾರು?

ಆಸ್ಟ್ರೇಲಿಯಾದ ವಿಜ್ಞಾನಿ ಲಿಡಿಯಾ ಮೊರಾವ್ಸ್ಕಾ ಮತ್ತು ಸಂಗಡಿಗರು 2024ರ ಮಾರ್ಚ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಮಿತಿಗಳನ್ನು ಸಾರ್ವಜನಿಕ ಕಟ್ಟಡಗಳಿಗೆ ಕಡ್ಡಾಯ ಮಾಡಿ ಎಂದು ಬರೆದರು: ಇಂಗಾಲದ ಡೈಆಕ್ಸೈಡ್ 800 ಪಿಪಿಎಂ (ಹತ್ತು ಲಕ್ಷದಲ್ಲಿ 800 ಭಾಗ), ಪಿಎಂ 2.5 ಘನ ಮೀಟರಿಗೆ 15 ಮೈಕ್ರೋಗ್ರಾಂ, ಒಬ್ಬೊಬ್ಬರಿಗೂ ಸೆಕೆಂಡಿಗೆ 14 ಲೀಟರ್ ಶುದ್ಧ ಗಾಳಿ. ಈ ಮಟ್ಟದಲ್ಲಿ ಇಂಗಾಲದ ಡೈಆಕ್ಸೈಡ್ ತಾನಾಗಿ ವಿಷವೇನಲ್ಲ, ಅದು ಸುಳಿವು. ಬಯಲಿನಲ್ಲಿ ಅದು ಸುಮಾರು 420 ಪಿಪಿಎಂ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಕೋಣೆಯಲ್ಲಿ 3,200 ತೋರಿಸಿದರೆ ಹದಿನಾಲ್ಕು ಉಸಿರಿಗೆ ಒಂದು ಬೇರೆ ಯಾರದೋ ಎದೆಗೂಡಿನಿಂದ ಬಂದದ್ದು ಎಂದರ್ಥ. ಇದು ಊಹೆಯ ಅಂಕಿಯಲ್ಲ. ತೈಪೆಯ ವಿಶ್ವವಿದ್ಯಾಲಯವೊಂದರಲ್ಲಿ ಕ್ಷಯ ಹರಡಿದಾಗ ತರಗತಿಗಳಲ್ಲಿ ಸಿಕ್ಕ ಮಟ್ಟವೇ ಅದು. ಗಾಳಿಯಾಟ ಸರಿಪಡಿಸಿ 600ರ ಆಸುಪಾಸಿಗೆ ಇಳಿಸಿದ ಮೇಲೆ, ರೋಗಿಗಳ ಸಂಪರ್ಕದಲ್ಲಿದ್ದವರಲ್ಲಿ ಹೊಸ ಕ್ಷಯ ಶೇ 97ರಷ್ಟು ತಗ್ಗಿತೆಂದು ಸಂಶೋಧಕರು ವರದಿ ಮಾಡಿದರು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಇರುವ ದೇಶ ಇದನ್ನು ಶ್ರೀಮಂತರ ಚಿಂತೆ ಎಂದು ತಳ್ಳಿಹಾಕುವುದಾದರೂ ಹೇಗೆ?

ಇಂಥ ಮಿತಿ ನಮ್ಮಲ್ಲೂ ಕಡ್ಡಾಯವಾಗಲಿ ಎಂದರೆ ಬರುವ ಮೊದಲ ಆಕ್ಷೇಪ ಗೊತ್ತಿದ್ದದ್ದೇ: ಇನ್ನೊಂದು ಕಾನೂನು, ಇನ್ನೊಬ್ಬ ಇನ್‌ಸ್ಪೆಕ್ಟರ್, ಇನ್ನೊಂದು ಲಂಚ. ಈ ಅನುಮಾನ ನನಗೂ ಇದೆ. ಅದಕ್ಕೇ ನನ್ನ ಒತ್ತಾಯ ಪ್ರಮಾಣಪತ್ರಕ್ಕಲ್ಲ, ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರಿಗೆ. ಕೆಲವು ಸಾವಿರ ರೂಪಾಯಿಯ ಮೀಟರನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಿಸಿ. ಪ್ರಮಾಣಪತ್ರ ಫೈಲಿನಲ್ಲಿ ಮಲಗುತ್ತದೆ. ಗೋಡೆಯ ಮೇಲೆ 1,800 ಎಂದು ಹೊಳೆಯುವ ಅಂಕಿಯನ್ನು ಮಗುವಿನ ಫೀಸು ಕಟ್ಟಲು ಬಂದ ತಾಯಿ ಓದುತ್ತಾಳೆ, ಕೇಳುತ್ತಾಳೆ. ಜಪಾನ್ 1970ರಲ್ಲೇ ದೊಡ್ಡ ಕಟ್ಟಡಗಳಿಗೆ 1,000 ಪಿಪಿಎಂ ಮಿತಿ ಹಾಕಿ, ಎರಡು ತಿಂಗಳಿಗೊಮ್ಮೆ ಅಳೆಯುವ ನಿಯಮ ತಂದಿತು. ಅಲ್ಲಿಯ ಉದ್ಯಮವೇನೂ ಮುಳುಗಲಿಲ್ಲ.

ಕಿಟಕಿ ತೆರೆದರೆ ಹೊರಗಿನ ದೂಳು ಒಳಗೆ ಬರುತ್ತದಲ್ಲ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಚಳಿಗಾಲದ ದಿಲ್ಲಿಯಲ್ಲಿ ಫಿಲ್ಟರ್ ಇಲ್ಲದೆ 15 ಮೈಕ್ರೋಗ್ರಾಂ ಸಾಧ್ಯವೇ ಇಲ್ಲ. ಹೊರಗೆ 60 ಒಪ್ಪಿಕೊಂಡ ಸರ್ಕಾರ ಒಳಗೆ 15 ಬೇಕೆಂದು ಶಾಲೆಗೆ ದಂಡ ಹಾಕಿದರೆ ಅದು ಅನ್ಯಾಯ. ದೂಳಿನ ಮಿತಿಯನ್ನು ಹಂತಹಂತವಾಗಿ ಬಿಗಿ ಮಾಡಲಿ. ಆದರೆ ದಿಲ್ಲಿಯ ಹೊಗೆಯನ್ನು ನೆಪ ಮಾಡಿಕೊಂಡು ಮೈಸೂರಿನ, ಶಿವಮೊಗ್ಗದ ಕಿಟಕಿಗಳನ್ನು ಮುಚ್ಚಿಡುವುದು ಯಾವ ನ್ಯಾಯ? ಗವಾಕ್ಷಿಗಳಿದ್ದ ಹಳೆಯ ಸರ್ಕಾರಿ ಶಾಲೆಗಳು ಈ ಪರೀಕ್ಷೆಯಲ್ಲಿ ಗಾಜಿನ ಗೋಡೆಯ ಹೊಸ ಕಟ್ಟಡಗಳನ್ನು ಹಿಂದಿಕ್ಕಿದರೆ ನನಗಂತೂ ಆಶ್ಚರ್ಯವಿಲ್ಲ.

ಕಾಯ್ದೆ ಬರಲು ಕಾಯಬೇಕಾಗಿಯೂ ಇಲ್ಲ. ಆಸ್ಪತ್ರೆ, ನ್ಯಾಯಾಲಯ, ಕಚೇರಿಗಳಿಗೆ ಎಸಿ ಕೊಳ್ಳುವ ದೊಡ್ಡ ಗಿರಾಕಿ ಸರ್ಕಾರವೇ. ಟೆಂಡರಿನಲ್ಲಿ ಎಷ್ಟು ಟನ್, ಎಷ್ಟು ಸ್ಟಾರ್ ಎಂದು ಕೇಳುತ್ತಾರೆ. ಅದರ ಕೆಳಗೆ ಒಂದು ಸಾಲು ಸೇರಿಸಲಿ: ಕೋಣೆ ತುಂಬಿದಾಗ ತಲೆಗೆ ಸೆಕೆಂಡಿಗೆ ಎಷ್ಟು ಲೀಟರ್ ಹೊರಗಾಳಿ? ಉತ್ತರ ಕೊಡದ ಬಿಡ್ಡನ್ನು ತಿರಸ್ಕರಿಸಲಿ.